ಇಳಕಲ್ಲಿನಲ್ಲಿ ನಾನು ತುಂಬಿದ ಹಳ್ಳ

ಮಂಗಳೂರು ಬಂದರು

ಪರದೇಶ ನೋಡಿ ಬಂದವರೆಲ್ಲ ಏನಾದರೂ ಬರೆಯುತ್ತಾರೆ. ನಾನು ಹೋದದ್ದು ಬಿಲಾತಿಗಲ್ಲ, ಇಳಕಲ್ಲಿಗೆ. ಆದರೆ ದಾರಿಯಲ್ಲಿ ಪೋರ್ತುಗೀಸರ ರಾಜ್ಯ ದಾಟಿ, ಮದ್ರಾಸು ಇಲಾಖೆ ಬಿಟ್ಟು ಮುಂಬಯಿ ಇಲಾಖೆ ಸೇರಿ, ಒಂದು ತಿಂಗಳು ಕುಚ್ಚಲಕ್ಕಿ ಗಂಜಿಯ ಮುಖ ಕಾಣದೆ ಬದುಕಿ ಬಂದವನಿಗೆ ಅದನ್ನು ಪರದೇಶ ಎನ್ನುವ ಹಕ್ಕು ಇದ್ದೇ ಇದೆ. ಒಪ್ಪದವರು ಬೇಕಾದರೆ ಒಮ್ಮೆ ಹೋಗಿ ಬರಲಿ.

ಆ ವರ್ಷ ಹಿಂಗಾರಿನಲ್ಲಿ ಇಳಕಲ್ಲಿನ ಕಡೆ ಎಂದೂ ಕಾಣದ ಮಳೆ ಬಿದ್ದು ನೇಕಾರರ ಓಣಿಗಳಿಗೆ ನೀರು ನುಗ್ಗಿತೆಂದು ನಮ್ಮ ಕ್ರೈಸ್ತ ಸಭೆಗೆ ಕಾಗದ ಬಂತು. ಭಾನುವಾರದ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ಅದನ್ನು ಓದಿ, ಕೈಕೆಲಸ ಬಲ್ಲವರು ಯಾರು ಹೋಗುತ್ತೀರಿ ಎಂದು ಕೇಳಿದರು. ನಾನು ಹೆಂಚಿನ ಕಾರ್ಖಾನೆಯ ಮೇಸ್ತ್ರಿ. ಮಣ್ಣು ಹದ ಮಾಡುವುದರಲ್ಲಿ ದಾನಿಯೇಲನನ್ನು ಮೀರಿಸುವವರಿಲ್ಲ ಎಂಬ ಮಾತು ಊರಲ್ಲಿ ಇತ್ತು. ಅದನ್ನು ಹೆಚ್ಚಾಗಿ ನಾನೇ ಹೇಳುತ್ತಿದ್ದೆ. ಎಲ್ಲರಿಗಿಂತ ಮೊದಲು ಎದ್ದು ನಿಂತೆ. ಬಡಗಿ ಯಾಕೋಬ ನನ್ನ ಹಿಂದೆ ಎದ್ದ. ನಮ್ಮಿಬ್ಬರನ್ನೇ ಕಳಿಸಿದರೆ ಊರಿನ ಮಾನ ಹೋದೀತೆಂದು ಉಪದೇಶಿ ಶಮುವೇಲರನ್ನು ಮುಂದಾಳಾಗಿ ಮಾಡಿದರು.

ಹೊರಡುವ ದಿನ ನನ್ನ ಹೆಂಡತಿ ಲಿದಿಯ ಅಡುಗೆಮನೆಯ ನಾಗಂದಿಗೆಯಿಂದ ಉಪ್ಪಿನಕಾಯಿ ಭರಣಿ ಇಳಿಸಲು ಹಳೆಯ ಕಡಾಯಿಯನ್ನು ಬೋರಲು ಹಾಕಿ ಅದರ ಮೇಲೆ ಹತ್ತಿದಳು. ಗೋಡೆಯ ಆ ಹಲಗೆಯನ್ನು ನಾನೇ ಜಡಿದದ್ದು, ಮದುವೆಯಾದ ವರ್ಷ. ಕಡಾಯಿ ಓಲಾಡಿತು. "ಬೇಗ, ಬೇಗ, ಸ್ಟೀಮರು ನಿನಗಾಗಿ ಕಾಯುತ್ತದೆಯೇ?" ಎಂದು ಕೆಳಗೆ ನಿಂತು ಗದರಿಸಿದೆ. ಅವಳು ಭರಣಿಯನ್ನು ಕೈಗೆ ಕೊಟ್ಟಳು.

ಮುರಗೋವೆ

ಗೋವೆಯಲ್ಲಿ ಪೋರ್ತುಗೀಸರ ಈ ಬಂದರಿನಲ್ಲಿ ಇಳಿದು ರೈಲು ಹಿಡಿಯಬೇಕು. ಅಲ್ಲಿ ಸುಂಕದವನೊಬ್ಬ ನನ್ನ ಗಂಟನ್ನು ಬಿಚ್ಚಿಸಿದ. ಅದರಲ್ಲಿ ಬಟ್ಟೆಯಲ್ಲಿ ಸುತ್ತಿದ ಎರಡು ಹೆಂಚುಗಳಿದ್ದವು. ಮಳೆಯಿಂದ ಕೆಟ್ಟ ಊರಿಗೆ ಒಳ್ಳೆಯ ಹೆಂಚು ಹೇಗಿರುತ್ತದೆಂದು ತೋರಿಸಿಬರೋಣ ಎಂದು ಹೊತ್ತು ತಂದಿದ್ದೆ. ಅವನು ಬೆರಳಿನಿಂದ ಅವನ್ನು ಬಡಿದು ನೋಡಿದ, ಮೂಸಿದ, ಮತ್ತೆ ಬಡಿದ. ನಮ್ಮ ಪೈಕಿ ಕೊಂಕಣಿ ಬಲ್ಲವನು ಯಾಕೋಬ ಒಬ್ಬನೇ, ಉತ್ತರ ಕೊಟ್ಟವನೂ ಅವನೇ.

"ಇದರ ಒಳಗೆ ಏನಿದೆ?"

"ಮಣ್ಣು."

"ಹೊರಗೆ?"

"ಅದೂ ಮಣ್ಣೇ."

ಒಳಗೊಂದು ಹೊರಗೊಂದು ಇಲ್ಲದ ವಸ್ತುವನ್ನು ಅವನು ತನ್ನ ಉದ್ಯೋಗದಲ್ಲಿ ಕಂಡಿರಲಿಲ್ಲವೇನೋ, ಗಂಟನ್ನು ಇನ್ನೂ ಕೆದಕಿದ. ಕೊನೆಗೆ ನಮ್ಮನ್ನು ಕಾಪಾಡಿದ್ದು ಒಣಮೀನು. ಅದರ ಕಟ್ಟು ಬಿಚ್ಚಿದ ಕೂಡಲೇ ಅವನು ಮೂಗು ಮುಚ್ಚಿ ಹೋಗಿ ಹೋಗಿ ಎಂದು ಕೈ ಬೀಸಿದ. ಉಪದೇಶಿಗಳು ರೈಲಿನಲ್ಲಿ ಕೂತ ಮೇಲೆ ದೇವರಿಗೆ ಸ್ತೋತ್ರ ಹೇಳಿದರು. ಮೀನಿನ ಹೆಸರು ಎತ್ತಲಿಲ್ಲ.

ಬಾದಾಮಿ

ಘಟ್ಟದ ಕಾಡು ಮುಗಿದ ಮೇಲೆ ಆಕಾಶ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಕಪ್ಪು ಹೊಲಗಳು, ದೂರದಲ್ಲಿ ಕೆಂಪು ಬಂಡೆಗಳು. ಕಿಟಕಿಯಿಂದ ಹೊರಗೆ ನೋಡುತ್ತಿದ್ದ ಯಾಕೋಬ ಹೇಳಿದ: "ಮೇಸ್ತ್ರಿಗಳೇ, ಇಲ್ಲಿಯ ಮನೆಗಳಿಗೆ ಮಾಡೇ ಇಲ್ಲ."

ನಿಜ. ನಮ್ಮಲ್ಲಿ ಮಾಡು ಎಂದರೆ ಎರಡು ಕಡೆ ಇಳಿಜಾರು, ಮಳೆ ಜಾರಿಹೋಗಬೇಕು. ಇಲ್ಲಿಯ ಮನೆಗಳೆಲ್ಲ ಮೇಲೆ ಕೊಯ್ದು ಸಮ ಮಾಡಿದಂತೆ ಚಪ್ಪಟೆ. ಮಣ್ಣಿನ ಮಾಳಿಗೆ; ಅದರ ಮೇಲೆ ಜೋಳ ಒಣಗುತ್ತದೆ, ಮೆಣಸಿನಕಾಯಿ ಒಣಗುತ್ತದೆ, ಮುದುಕರು ಕೂತು ಬಿಸಿಲು ಕಾಯಿಸಿಕೊಳ್ಳುತ್ತಾರೆ. ಹೆಂಚು ಹೊದಿಸಲು ಒಂದು ಅಂಗುಲ ಜಾಗವಿಲ್ಲ. ನನ್ನ ತೊಡೆಯ ಮೇಲಿದ್ದ ಹೆಂಚಿನ ಗಂಟು ಆಗಲೇ ಎರಡು ಪಟ್ಟು ಭಾರವಾಯಿತು.

ಬಾದಾಮಿ ಸ್ಟೇಷನ್ನಿನಲ್ಲಿ ಗಾಡಿ ತುಂಬ ಹೊತ್ತು ನಿಂತಿತು. ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡು ಬಂದ ಹೆಂಗಸೊಬ್ಬಳು ನಾವು ಅದನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು ಕೇಳಿದಳು: "ನಿಮ್ಮ ಕಡೆ ರೊಟ್ಟಿ ತಿನ್ನಂಗಿಲ್ಲೇನ್ರಿ?"

"ಇಲ್ಲಮ್ಮ, ನಮ್ಮಲ್ಲಿ ಮೂರು ಹೊತ್ತೂ ಅನ್ನ."

"ಯವ್ವಾ! ದಿನಾ ಹಬ್ಬ ಮಾಡ್ತೀರೇನು?" ಎಂದು ಕೆನ್ನೆಗೆ ಕೈ ಹಚ್ಚಿದಳು. ಆಮೇಲೆ ಕನಿಕರ ಪಟ್ಟು, "ರೊಟ್ಟಿ ಇಲ್ಲದ ಮೈಯಾಗ ಕಸುವು ಹೆಂಗ ಬರಬೇಕ್ರಿ?" ಎಂದು ಕೆಂಪು ಚಟ್ನಿಯನ್ನು ಇನ್ನಷ್ಟು ಹಾಕಿದಳು. ಉಪದೇಶಿಗಳ ಕಣ್ಣಲ್ಲಿ ನೀರು ಬಂತು. ಪಶ್ಚಾತ್ತಾಪದ್ದಲ್ಲ, ಚಟ್ನಿಯದು.

ಬಾಗಲಕೋಟೆ

ಎತ್ತಿನ ಗಾಡಿ ಸಿಗುವವರೆಗೆ ಬಾಗಲಕೋಟೆಯಲ್ಲಿ ನಿಲ್ಲಬೇಕಾಯಿತು. ಅಲ್ಲಿಯ ದವಾಖಾನೆಯಲ್ಲಿ ಇಳಕಲ್ಲಿನ ನೇಕಾರನೊಬ್ಬ ಮಲಗಿದ್ದಾನೆಂದು ತಿಳಿದು ನೋಡಲು ಹೋದೆವು. ಸಂಗಪ್ಪ ಎಂದು ಹೆಸರು. ಎತ್ತರದ ಆಳು, ಕಾಲುಗಳು ಮಂಚದ ಆಚೆ ಚಾಚಿದ್ದವು. ಅದರಲ್ಲಿ ಒಂದಕ್ಕೆ ಕಟ್ಟು ಹಾಕಿತ್ತು. ನೀರು ಬಂದ ದಿನ ಮಗ್ಗ ಬಿಚ್ಚಿ ಮಾಳಿಗೆಗೆ ಸಾಗಿಸುವಾಗ ಏಣಿಯಿಂದ ಜಾರಿ ಬಿದ್ದಿದ್ದನಂತೆ. ಕಾಲ ಬಳಿ ಅವನ ಹೆಂಡತಿ ನೀಲವ್ವ ನಿಂತಿದ್ದಳು, ಅವನ ಎದೆಯ ಮಟ್ಟಕ್ಕೂ ಬಾರದ ಗಿಡ್ಡ ಹೆಂಗಸು.

"ಇಳಕಲ್ಲಿಗೆ ಹೊಂಟೀರೇನ್ರಿ?" ಎಂದ ಸಂಗಪ್ಪ. "ಹಂಗಾರ ಮೊದಲ ನಮ್ಮ ಮನಿ ನೋಡ್ರಿ. ಮನ್ಯಾಗ ಹಳ್ಳ ಹೊಕ್ಕೈತ್ರಿ."

"ಹಳ್ಳವೇ? ಮನೆಯೊಳಗೆ?"

"ಹೂಂನ್ರಿ. ಮಗ್ಗದ ಖೋಲ್ಯಾಗ ಪೂರಾ ಹಳ್ಳ."

"ಎಷ್ಟು ಆಳ?"

"ಸ್ವಂಟದ ಮಟ ಇತ್ರಿ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಮಾತು ತುಳು. ಕನ್ನಡ ಶಾಲೆಯಿಂದ, ಸಭೆಯಿಂದ ಬಂದದ್ದು. ಹರಿಯುವ ಸಣ್ಣ ನೀರಿಗೆ ನಾವು ತೋಡು ಎನ್ನುತ್ತೇವೆ. ಹಳ್ಳವೆಂದರೆ ತಗ್ಗು, ಗುಂಡಿ ಎಂದೇ ನಾನು ಕಲಿತದ್ದು. ನೀರು ನುಗ್ಗಿದ ರಭಸಕ್ಕೆ ನೆಲ ಕೊರೆದು ಸೊಂಟದಾಳದ ಗುಂಡಿ ಬಿದ್ದಿದೆ ಎಂದು ಲೆಕ್ಕ ಹಾಕಿದೆ. ಇದು ನನ್ನದೇ ಕೆಲಸ ಎನಿಸಿ ಒಳಗೊಳಗೇ ಹಿಗ್ಗಿದೆ.

"ಚಿಂತೆ ಬಿಡಿ ಸಂಗಪ್ಪನವರೇ. ಆ ಹಳ್ಳದ ಕೆಲಸ ನನಗೆ ಬಿಡಿ. ಇನ್ನು ನೂರು ವರ್ಷ ಅದು ನಿಮ್ಮ ಮನೆಯಲ್ಲಿ ಕಾಣುವುದಿಲ್ಲ."

ಅವನ ಕಣ್ಣು ತೇವವಾಯಿತು. "ಮಗಳ ಮದುವಿ ಐತ್ರಿ, ತುಳಸಿ ಲಗ್ನ ಆದ ಮ್ಯಾಲ. ಆಕಿ ಸೀರಿದು ಹಾಸು ಜಂತಿಗೆ ಕಟ್ಟಿ ಬಂದೀನಿ. ಅದೊಂದು ಉಳದೈತಿ. ನಮ್ಮ ಮಗ್ಗದ ಸೀರಿ ಉಡಿಸಿ ಕಳಸಬೇಕಂತ ಭಾಳ ಆಸೆ ಐತ್ರಿ."

ನಾವು ಹೊರಡುವಾಗ ನೀಲವ್ವ ಬಾಗಿಲ ತನಕ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಅಣ್ಣಾರ, ಕುಣಿ ಕಡೆ ಲಕ್ಷ್ಯ ಇರಲ್ರಿ."

ಕುಣಿ ಎಂದರೆ ನನಗೆ ಗೊತ್ತಿದ್ದದ್ದು ಕುಣಿಯುವುದು. ಮದುವೆಯ ಕುಣಿತದ ಮಾತಿರಬೇಕು ಎಂದುಕೊಂಡು, "ಆಗಲಿ, ಆಗಲಿ" ಎಂದೆ. ಕೇಳಿದ್ದರೆ ಆಕೆ ಬಿಡಿಸಿ ಹೇಳುತ್ತಿದ್ದಳು. ನಾನು ಕೇಳಲಿಲ್ಲ.

ಹುನಗುಂದ

ದಾರಿಯಲ್ಲಿ ಮಲಪ್ರಭೆ ದಾಟಬೇಕು. ದೋಣಿ ಎಲ್ಲಿ ಎಂದರೆ ಚರ್ಮ ಹೊದಿಸಿದ ಒಂದು ದುಂಡನೆಯ ಬುಟ್ಟಿ ತೋರಿಸಿದರು. ಹರಿಗೋಲು ಎನ್ನುತ್ತಾರೆ. ಸಮುದ್ರದ ಮೇಲೆ ಬಂದವರು ನಾವು, ಈ ಬುಟ್ಟಿ ಯಾವ ಲೆಕ್ಕ ಎಂದು ಹೇಳುತ್ತಾ ಕಾಲಿಟ್ಟೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಬುಗುರಿಯ ಹಾಗೆ ತಿರುಗುತ್ತಾ ಹೋಗುತ್ತದೆ. ನಡುಹೊಳೆಯಲ್ಲಿ ಬಾಗಲಕೋಟೆ ಯಾವ ಕಡೆ, ಹುನಗುಂದ ಯಾವ ಕಡೆ ಒಂದೂ ತಿಳಿಯದೆ ಬೆಳಗಿನ ರೊಟ್ಟಿಯನ್ನು ಮಲಪ್ರಭೆಗೆ ಒಪ್ಪಿಸಿದೆ. ಅಂಬಿಗ ನಗುತ್ತಾ, "ಕಣ್ಣು ಮುಚ್ಚಿ ಕುಂಡ್ರಿ ಅಣ್ಣಾರ, ಹೊಳಿಗೆ ದಾರಿ ಗೊತ್ತೈತಿ" ಎಂದ. ಯಾಕೋಬ ಈ ಕಥೆಯನ್ನು ಈಗಲೂ ಸಭೆಯಲ್ಲಿ ಹೇಳುತ್ತಾನೆ.

ಸಂಗಪ್ಪನ ಮನೆಯ ಕೀಲಿಕೈ ಹುನಗುಂದದಲ್ಲಿ ಸೋದರತ್ತೆಯ ಮನೆಯಲ್ಲಿದ್ದ ಮಗಳು ಗಂಗವ್ವನ ಬಳಿ ಇತ್ತು. ಅಪ್ಪನಂತೆ ಎತ್ತರ, ಮಾತು ಮಾತ್ರ ಮನೆಯಲ್ಲಿ ಯಾರಿಗೂ ಇಲ್ಲದಷ್ಟು. ಅತ್ತೆ ನಮಗೆ ನೀರು ಕೊಡುತ್ತಾ ಹೇಳಿದಳು: "ನೀವರ ಬುದ್ಧಿ ಹೇಳ್ರಿ ಈಕಿಗೆ. ಅಂಗಡ್ಯಾಗಿನ ಸೀರಿ ತಂದ್ರಾತು ಅಂದ್ರ ಒಲ್ಲೆ ಅಂತಾಳ."

"ಮಂದಿ ಮಗ್ಗದ ಸೀರಿ ನಾ ಉಡಂಗಿಲ್ಲ" ಎಂದಳು ಗಂಗವ್ವ. "ಅವ್ವ ಮಾತು ಕೊಟ್ಟಾಳ. ಸೀರಿ ಆಗೋತನಕ ಮದುವಿ ನಿಲ್ಲಲಿ." ಆಮೇಲೆ ಕೀಲಿಕೈಯನ್ನು ನನ್ನ ಕೈಗೆ ಹಾಕುವಾಗ ದನಿ ಸಣ್ಣದಾಯಿತು. "ಖರೇನ ಆಕ್ಕೈತೇನ್ರಿ?"

"ಆಗುತ್ತದೆ ಮಗಳೇ" ಎಂದೆ. ಅಷ್ಟು ಧೈರ್ಯದಿಂದ ನಾನು ಮತ್ತಾವ ಮಾತನ್ನೂ ಆಡಿದವನಲ್ಲ.

ಇಳಕಲ್

ಕೀಲಿ ತೆಗೆದು ಒಳಗೆ ಹೋದರೆ ಮನೆಯೆಲ್ಲ ಕೆಸರು. ಮೇಲೆ ಜಂತಿಗೆ ಹಾಸಿನ, ಎಂದರೆ ಸೀರೆಯ ಉದ್ದೆಳೆಗಳ, ಗಂಟು ನೇತುಬಿದ್ದಿತ್ತು, ಒಣಗಿ ಸುರಕ್ಷಿತವಾಗಿ. ಮೂರು ದಿನ ಕೆಸರು ಹೊತ್ತೆವು. ಒಳಖೋಲಿಯಲ್ಲಿ ಕಿಟಕಿಯ ಕೆಳಗೆ, ಸಂಗಪ್ಪ ಹೇಳಿದಂತೆಯೇ, ಹಳ್ಳ ಇತ್ತು. ಅದರ ಕೆಸರನ್ನೂ ಬಳಿದು ತೆಗೆದೆವು.

ಯಾಕೋಬ ಅದರ ಅಂಚಿನಲ್ಲಿ ಕೂತು ಬಹಳ ಹೊತ್ತು ನೋಡಿದ. "ಮೇಸ್ತ್ರಿಗಳೇ, ನೀರು ಇಷ್ಟು ಚೌಕಾಗಿ ಕೊರೆಯುತ್ತದೆಯೇ?"

"ಇಲ್ಲಿಯ ಮಣ್ಣಿನ ಗುಣ ಅದು" ಎಂದೆ. ಮಣ್ಣಿನ ವಿಷಯದಲ್ಲಿ ನನಗೆ ಎದುರಾಡುವವರಿಲ್ಲವಲ್ಲ. ನಾನು ಕಂಡ ಮಗ್ಗಗಳೆಲ್ಲ ನಮ್ಮೂರ ನೇಯ್ಗೆ ಕಾರ್ಖಾನೆಯವು, ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ನೆಲದಲ್ಲಿ ನಿಲ್ಲುವವು. ಅವಕ್ಕೂ ಗುಂಡಿಗೂ ಸಂಬಂಧವಿದ್ದೀತೆಂದು ಕನಸಿನಲ್ಲೂ ಹೊಳೆಯಲಿಲ್ಲ.

ಇನ್ನು ಆ ಕೆಲಸವನ್ನು ಮಾಡಿದ ಚೆಂದವನ್ನು ನಾನೇ ಹೊಗಳಿಕೊಳ್ಳಬೇಕು. ತಳಕ್ಕೆ ಕಲ್ಲು, ಮೇಲೆ ಗರಸು, ಅದರ ಮೇಲೆ ಹದ ಮಾಡಿದ ಮಣ್ಣು, ಪದರಕ್ಕೊಮ್ಮೆ ನೀರು ಚಿಮುಕಿಸಿ ದಿಮ್ಮಿಯಿಂದ ಬಡಿತ. ಉಪದೇಶಿಗಳು ಆರಾಧನೆಯ ಸಂಗೀತ ಎತ್ತಿದರು. ಅದರ ತಾಳಕ್ಕೆ ನಾವು ದಿಮ್ಮಿ ಹಾಕಿದೆವು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಕೇಳಿ, "ಏನ್ ಛಂದ ಹಾಡ್ತಾರವ್ವ, ಒಂದೂ ತಿಳಿಯಂಗಿಲ್ಲ" ಎಂದು ಮೆಚ್ಚಿದರು. ಮರುದಿನ ಸಾರಿಸಿ ಮುಗಿಸಿದಾಗ ಹಳ್ಳ ಎಲ್ಲಿತ್ತೆಂದು ನಮಗೇ ಗುರುತು ಸಿಗಲಿಲ್ಲ.

ಆ ಮಧ್ಯಾಹ್ನವೇ ಬಾಗಲಕೋಟೆಯಿಂದ ಗಾಡಿ ಬಂತು. ಪಕ್ಕದ ಮನೆಯ ಹುಸೇನಸಾಬರು, ನೂಲಿಗೆ ಬಣ್ಣ ಹಾಕುವ ವಯಸ್ಸಾದವರು, ಸಂಗಪ್ಪನನ್ನು ಹೆಗಲು ಕೊಟ್ಟು ಇಳಿಸಿದರು. ನಾನು ಮುಂದೆ ಮುಂದೆ ನಡೆದು ಒಳಖೋಲಿಯ ಬಾಗಿಲು ತೆರೆದೆ.

"ನೋಡಿ. ಹಳ್ಳ ಎಲ್ಲಿದೆ ಹೇಳಿ ನೋಡೋಣ!"

ಸಂಗಪ್ಪ ನೆಲವನ್ನು ನೋಡಿದ. ನೀಲವ್ವ ನೆಲವನ್ನು ನೋಡಿದಳು.

"ನಮ್ಮ ಕುಣಿ ಎಲ್ಲಿ ಹೋತ್ರಿ?" ಎಂದಳು ನೀಲವ್ವ.

"ಯಾವ ಕುಣಿ?"

"ಮಗ್ಗದ ಕುಣ್ಯಪ್ಪಾ! ಅದರಾಗ ಕಾಲು ಇಳಿಬಿಟ್ಟು ಕುಂತ ನೇಯ್ತೀವಿ ನಾವು."

"ಅದು ಹಳ್ಳ ಅಲ್ಲವೇ?"

"ಹಳ್ಳ ಅಂದ್ರ ಊರ ಮಗ್ಗಲಾಗ ಹರೀತೈತಲ್ರಿ, ಅದು!" ಎಂದು ಹುಸೇನಸಾಬರು ಕೈ ಚಾಚಿ ಹೊರಗೆ ತೋರಿಸಿದರು. "ಆ ನೀರು ಮನ್ಯಾಗ ಹೊಕ್ಕಿತ್ತು. ನೀವು ಬುಟ್ಟಿಗಟ್ಟಲೆ ಗರಸು ಒಯ್ಯೂದು ನೋಡಿ ನಾ ಗ್ವಾಡಿ ಕಟ್ಟಾಕತ್ತಾರ ಅಂದ್ಕೊಂಡೆ. ಯಾ ಅಲ್ಲಾ! ಅಜ್ಜ ಮುತ್ಯಾನ ಕಾಲದ ಕುಣಿ!" ಎಂದವರು ಗೋಡೆಗೆ ಒರಗಿ, ನಕ್ಕು ನಕ್ಕು ಅಲ್ಲೇ ಕೂತುಬಿಟ್ಟರು.

ನನಗೆ ನಗು ಬರಲಿಲ್ಲ. ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಸೀರೆಗೆ ಎಂಟು ದಿನದ ನೇಯ್ಗೆ. ಗಂಗವ್ವನ ಕೈಯಿಂದ ಕೀಲಿಕೈ ತೆಗೆದುಕೊಂಡದ್ದು ನೆನಪಾಯಿತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಪಿಕಾಸಿ ಹಿಡಿದು ಆಗಲೇ ಸುರು ಮಾಡಿದೆ. ಅದು ನೆಲಕ್ಕೆ ಬಡಿದು ಠಣ್ಣೆಂದು ಹಿಂದೆ ಚಿಮ್ಮಿತು.

"ಭಾಳ ಗಟ್ಟಿ ಮಾಡೀರಿ" ಎಂದ ಸಂಗಪ್ಪ, ಬೇಸರದಲ್ಲೂ ಮರ್ಯಾದೆ ಬಿಡದೆ. "ಕೆಲಸ ಛಲೋ ಐತ್ರಿ. ಅದ ತ್ರಾಸು."

ಎರಡು ದಿನ ಅಗೆದೆ. ಯಾಕೋಬ ಕೈ ಹಾಕಲು ಬಂದರೂ ಬಿಡಲಿಲ್ಲ. ನಾನು ಹಾಕಿದ ಒಂದೊಂದು ಪದರವೂ ನನ್ನ ಮೇಲೆ ಸೇಡು ತೀರಿಸಿಕೊಂಡಿತು. ಎರಡನೆಯ ದಿನ ನೀಲವ್ವ ಮಜ್ಜಿಗೆ ತಂದಾಗ, ನಮ್ಮ ಕಡೆಯಂತೆ ಮಗ್ಗವನ್ನು ನೆಲದ ಮೇಲೆ ನಿಲ್ಲಿಸಿದರೆ ಆಗದೇ ಎಂದು ಆಸೆಯಿಂದ ಕೇಳಿದೆ. "ಆಗಂಗಿಲ್ರಿ" ಎಂದಳು. "ಕುಣ್ಯಾಗಿನ ತಂಪಿಗೆ ಎಳಿ ಹರಿಯಂಗಿಲ್ಲ. ಮ್ಯಾಲ ಇಟ್ರ ಒಣಗಿ ಪಟಪಟ ಹರೀತಾವ."

ಆಗ ನಾನು, ಇಷ್ಟು ದಿನದಲ್ಲಿ ಮೊದಲ ಸಲ, ಆಕೆಯನ್ನು ಸರಿಯಾಗಿ ಒಂದು ಪ್ರಶ್ನೆ ಕೇಳಿದೆ. "ಎಷ್ಟು ಆಳ ಇರಬೇಕಮ್ಮ?"

"ನಮ್ಮ ಯಜಮಾನರ ಕಾಲಿನ ಅಳತಿ ಇತ್ರಿ."

"ಅವರ ಕಾಲಿಗೆ ಕಟ್ಟು ಹಾಕಿದೆ. ಈ ಸೀರೆ ನೇಯುವವರು ಯಾರು?"

"ನಾನ ನೇಯ್ತೇನಿ."

"ಹಾಗಾದರೆ ನೀವು ಕೂತು ತೋರಿಸಿ."

ನೀಲವ್ವ ಗಂಡನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. ಅಗೆದದ್ದು ಇನ್ನೂ ಹಳೆಯ ಆಳಕ್ಕೆ ಒಂದು ಗೇಣು ಕಡಿಮೆಯಿತ್ತು. ಆಕೆಯ ಅಂಗಾಲು ತಳಕ್ಕೆ ಮೆಲ್ಲಗೆ ಊರಿತು. ಒಮ್ಮೆ ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು.

"ಇಷ್ಟ ಸಾಕ್ರಿ" ಎಂದಳು. "ನಿಲ್ಲಸ್ರಿ ಅಲ್ಲೇ."

"ಯಾಕ? ಇನ್ನೂ ಆಳ ಬೇಕಲ್ಲ" ಎಂದ ಸಂಗಪ್ಪ ಮಂಚದಿಂದ.

"ಅದು ನಿಮಗ. ನನಗ ಕಾಲು ಮುಟ್ಟತಿದ್ದಿಲ್ಲ. ನೀವು ಎದ್ದು ಹೋದಾಗೆಲ್ಲ ಬುಡಕ ಎರಡು ಇಟ್ಟಂಗಿ ಇಟಗೊಂಡು ತುದಿಬೆರಳಿಲೆ ತುಳೀತಿದ್ದೆ."

"ಎಷ್ಟ ದಿವಸದಿಂದ?"

"ಮದುವ್ಯಾಗಿ ಬಂದಾಗಿಂದ."

"ಹೇಳಬೇಕಿಲ್ಲೇನ ನೀನು?"

"ಕುಣಿ ಮುತ್ಯಾಂದು. ಅದಕ್ಕ ಏನ್ ಹೇಳೂದ್ರಿ? ಯಾರೂ ಕೇಳಲೂ ಇಲ್ಲ."

ಸಂಗಪ್ಪ ಮುಖ ತಿರುಗಿಸಿ ಜಂತಿ ನೋಡಿದ. ನೊಂದುಕೊಂಡನೆಂದೇ ನಾನು ಬಗೆದೆ. ಆಮೇಲೆ ನಗುವಿಗೆ ಅವನ ಹೊಟ್ಟೆ ಕುಲುಕತೊಡಗಿತು. "ಅಣ್ಣಾರ, ಅಲ್ಲೇ ನಿಲ್ಲಸ್ರಿ" ಎಂದ. "ನನ್ನ ಕಾಲು ನೆಟ್ಟಗಾದ ಮ್ಯಾಲ ಮಗ್ಗಲಾಗ ನನಗೊಂದು ಬ್ಯಾರೆ ಹಳ್ಳ ತೋಡಿದ್ರಾತು."

ಯಾಕೋಬ ಮಾಳಿಗೆಯ ಮೇಲಿದ್ದ ಮಗ್ಗವನ್ನು ಇಳಿಸಿ ಜೋಡಿಸಿ, ತುಳಿಯುವ ಹಲಗೆಗಳನ್ನು ಆಕೆಯ ಕಾಲಿಗೆ ತಕ್ಕಂತೆ ಎತ್ತಿ ಕಟ್ಟಿದ. ಹುಸೇನಸಾಬರು ನೀರಿನಲ್ಲಿ ನೆನೆದು ಕೆಟ್ಟಿದ್ದ ಸೆರಗಿನ ರೇಷ್ಮೆಗೆ ಹೊಸದಾಗಿ ಕೆಂಪು ಹಾಕಿ ತಂದರು. ಇಲ್ಲಿಯ ಸೀರೆಯಲ್ಲಿ ಸೆರಗಿನ ಕೆಂಪು ಹಾಸು ಬೇರೆ, ಮೈಯ ಹಾಸು ಬೇರೆ. ಒಂದೊಂದು ಎಳೆಯನ್ನೂ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಸಬೇಕು. ಹುನಗುಂದದಿಂದ ಬಂದ ಗಂಗವ್ವ ಒಂದು ಕಡೆ, ಅವ್ವ ಒಂದು ಕಡೆ ಕೂತು ಇಡೀ ದಿನ ಸಿಕ್ಕಿಸಿದರು. ನಾನೂ ಒಂದು ಎಳೆ ಹಿಡಿಯಲು ಹೋದೆ. "ನೀವು ಅದರ ತಂಟೆಕ್ಕ ಬರಬ್ಯಾಡ್ರಿ" ಎಂದು ಅವ್ವ, ಮಗಳು, ಮಂಚದ ಮೇಲಿದ್ದ ಸಂಗಪ್ಪ ಮೂವರೂ ಒಟ್ಟಿಗೆ ಅಂದರು.

ಆಮೇಲೆ ಎಂಟು ದಿನ ಮಗ್ಗ ಬಡಿಯಿತು. ನಾವು ಓಣಿಯ ಉಳಿದ ಮನೆಗಳ ಗೋಡೆ ಎತ್ತಿದೆವು. ಪ್ರತಿ ಮನೆಯಲ್ಲೂ ಮೊದಲು ನಾನು ಕುಣಿ ಎಲ್ಲಿದೆ ಎಂದು ಕೇಳಿ ಅದರ ಸುತ್ತ ಸುಣ್ಣದ ಗೆರೆ ಎಳೆಯುತ್ತಿದ್ದೆ. ನನ್ನ ಹೆಂಚುಗಳಿಗೂ ಒಂದು ಗತಿಯಾಯಿತು. ಸಂಗಪ್ಪನ ಮಾಳಿಗೆಯ ನೀರು ಬೀಳುವಲ್ಲಿ ನೆಲ ಕೊರೆಯದಂತೆ ಎರಡನ್ನೂ ಹೂತು ಬಂದೆ. ಓಣಿಯ ಜನ ನನಗೆ ಇಟ್ಟ ಹೆಸರು ಹಳ್ಳದಪ್ಪ. ಮದುವೆಯಲ್ಲಿ ಬೀಗರಿಗೆ ಪರಿಚಯ ಮಾಡಿದ್ದೂ ಹಾಗೆಯೇ.

ಗಂಗವ್ವ ಆ ಸೀರೆ ಉಟ್ಟು ಬಂದಳು. ದಾಳಿಂಬೆ ಬಣ್ಣದ ಮೈ, ಕೆಂಪು ಸೆರಗು. ನಮಗೆ ನಮಸ್ಕಾರ ಮಾಡಲು ಬಗ್ಗಿದವಳು, "ಆಗತೈತಿ ಅಂದಿದ್ರಿ, ಆತು ನೋಡ್ರಿ" ಎಂದಳು. ಆಶೀರ್ವಾದ ಮಾಡಬೇಕಾದ ಉಪದೇಶಿಗಳು ನನ್ನ ಕಡೆ ನೋಡಿದರು. ನಾನು ಅವಳ ತಲೆಯ ಮೇಲೆ ಕೈ ಇಟ್ಟೆ.

ಮರಳಿ ಮನೆ

ಮನೆ ಸೇರಿದ ಸಂಜೆ ಲಿದಿಯ ಗಂಜಿ ಬಡಿಸಿ, ಉಪ್ಪಿನಕಾಯಿಗೆಂದು ಕಡಾಯಿಯನ್ನು ಬೋರಲು ಹಾಕಿದಳು. ಒಂದು ಕಾಲು ಇಟ್ಟಳು. ಕಡಾಯಿ ಓಲಾಡಿತು. ನಾನು ಗಂಜಿ ಬಿಟ್ಟು ಎದ್ದೆ.

"ಇಳಿ."

"ಎಂತ ಆಯಿತು ನಿಮಗೆ?"

"ಇಳಿದು ನೆಲದ ಮೇಲೆ ನಿಲ್ಲು. ಕೈ ಎತ್ತು. ನಿನಗೆ ಎಲ್ಲಿಗೆ ಎಟಕುತ್ತದೆ?"

ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಆ ಸೀಮೆಯ ಜ್ವರವೇನಾದರೂ ಹಿಡಿದಿದೆಯೋ ಎಂದು. ಆಮೇಲೆ ಕೈ ಎತ್ತಿದಳು. ಭರಣಿ ಸಲೀಸಾಗಿ ಹಿಡಿಯಲು ಅವಳ ಕೈ ಎಟಕುವಲ್ಲಿ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದೆ. ಮರುದಿನ ಯಾಕೋಬನನ್ನು ಕರೆದು ನಾಗಂದಿಗೆಯನ್ನು ಅಲ್ಲಿಗೆ ಇಳಿಸಿ ಜಡಿದೆವು.

ಈಗ ಅದು ಸರಿಯಾಗಿ ನನ್ನ ಹಣೆಯ ಮಟ್ಟಕ್ಕಿದೆ. ದಿನಕ್ಕೆ ಎರಡು ಸಲವಾದರೂ ಬಡಿಸಿಕೊಳ್ಳುತ್ತೇನೆ. ಲಿದಿಯ ಒಲೆಯ ಬಳಿ ಕೂತು, ನೋವಾಯಿತೇ ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ.